ಎಡ ಮುಂಗೈಯ ಆರು ಅಂಕಿ

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 8.40

ಊತ ಅರ್ಧಕ್ಕರ್ಧ ಇಳಿದಿದೆ. ಹೇಳಿದವಳು ಮಗಳು. ಕೆಲಸಕ್ಕೆ ಹೊರಡುವ ಮುಂಚೆ ಅಮ್ಮನ ಎಡಗೈ ಎತ್ತಿ, ಪ್ಲಾಸ್ಟಿಕ್ ಹಾಳೆಯ ಮೇಲಿಂದಲೇ ಬೆರಳಿಟ್ಟು ನೋಡಿದಳು. ನನಗೇನೂ ಕಾಣಲಿಲ್ಲ. ಹಾಳೆಯೊಳಗೆ ಮಸಿ, ರಕ್ತ, ನೀರು ಎಲ್ಲ ಕಲಸಿ ನಿಂತಿದೆ — ಮಳೆಗೆ ಸಿಕ್ಕಿದ ಪತ್ರಿಕೆಯ ಹಾಗೆ.

ಹಾಳೆ ತೆಗೆಯುವುದು ಇಪ್ಪತ್ತನಾಲ್ಕು ಗಂಟೆಯ ನಂತರ, ಅಂದರೆ ಇವತ್ತು ಹನ್ನೊಂದೂವರೆಗೆ. ಹಚ್ಚೆಯವನು ಕೊಟ್ಟ ಚೀಟಿಯಲ್ಲಿ ಹಾಗಿದೆ. ಉಗುರುಬೆಚ್ಚಗಿನ ನೀರು. ವಾಸನೆಯಿಲ್ಲದ ಸೋಪು. ಉಜ್ಜಬಾರದು, ಒತ್ತಿ ಒರೆಸಬೇಕು. ಮುಲಾಮು ತೆಳ್ಳಗೆ. ಒಟ್ಟು ಎಂಟು ಸೂಚನೆ, ಎರಡು ಅಚ್ಚಿನ ತಪ್ಪು. ಕೈ ಸುಮ್ಮನಿರಲಿಲ್ಲ, ಪೆನ್ನಿನಲ್ಲಿ ತಿದ್ದಿದೆ.

ದಾಖಲೆಗಾಗಿ: ಜನವರಿ 19ರಂದು ನನ್ನ ಹೆಂಡತಿ ಆರು ಗಂಟೆ ಕಾಣೆಯಾಗಿದ್ದಳು. ಸಿಕ್ಕಿದ್ದು ಒಂದು ಬ್ಯಾಂಕಿನೊಳಗೆ, ಟೋಕನ್ ಹಿಡಿದು ಕೂತಿದ್ದಳು. ಆ ಬ್ಯಾಂಕಿನಲ್ಲಿ ನಮ್ಮ ಖಾತೆಯೇ ಇಲ್ಲ. ಆಮೇಲೆ ಕೈಗೆ ನಂಬರ್ ಕೆತ್ತಿದ ಸ್ಟೀಲ್ ಪಟ್ಟಿ ಹಾಕಿದೆವು — ಮೂರೇ ದಿನಕ್ಕೆ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಸಿಕ್ಕಿತು. ಕೊರಳಿಗೆ ಹಾಕಿದ ಕಾರ್ಡು ಸಿಗಲೇ ಇಲ್ಲ. ಮರೆವು ಮುಂದಿನ ಹಂತಕ್ಕೆ ಕಾಲಿಡುತ್ತಿದೆ ಎಂದರು ಡಾಕ್ಟರು. “ಏನು ನಿರ್ಧಾರ ಮಾಡೋದಿದ್ರೂ ಈಗಲೇ ಮಾಡಿ. ಅವರ ಬಾಯಿಂದಲೇ ಬರಲಿ.”

ಬಂತು. “ರೀ, ಕಳಚಿ ಬಿಸಾಕೋಕೆ ಆಗದ ಹಾಗೆ ಕೈಮೇಲೆ ಬರೆಸಿಬಿಡಿ. ಮನೆ ಫೋನ್ ನಂಬರು. ನಿಮ್ಮ ಮೊಬೈಲ್ ಬೇಡ. ಅದು ನಿಮ್ಮ ಥರಾನೇ, ಯಾವಾಗ್ಲೂ ಬಾಯಿ ಮುಚ್ಕೊಂಡಿರತ್ತೆ.”

ಮಧ್ಯಾಹ್ನ 12.15

ಹಾಳೆ ತೆಗೆದೆ. ತೊಳೆದೆ. ನಂಬರ್ ತಪ್ಪು.

ಮನೆಯ ನಂಬರ್ 462917. ಕೈಮೇಲಿರುವುದು 462200.

ಮೂರು ಸಲ ಓದಿದೆ. ಕನ್ನಡಕ ಒರೆಸಿ ಇನ್ನೊಮ್ಮೆ.

462200 ಪತ್ರಿಕೆಯ ನಂಬರ್. ಇಪ್ಪತ್ತಾರು ವರ್ಷ ಆ ಕಚೇರಿಯ ಟೆಲಿಫೋನ್ ಸ್ವಿಚ್‌ಬೋರ್ಡಿನಲ್ಲಿ ಕೂತು ಇವಳು ದಿನಕ್ಕೆ ಇನ್ನೂರು ಸಲ ಹೇಳಿದ ನಂಬರ್. ನಾನು ಅಲ್ಲೇ ಪ್ರೂಫ್ ವಿಭಾಗದಲ್ಲಿದ್ದೆ, ಎಕ್ಸ್‌ಟೆನ್ಶನ್ ಹದಿನಾಲ್ಕು. ಹೊರಗಿನ ಲೈನ್ ಬೇಕು ಎಂಬ ನೆಪದಲ್ಲಿ ಆ ದನಿ ಕೇಳುತ್ತಿದ್ದೆ. ಮದುವೆಯಾದ ಮೇಲೂ ಖುಷಿಯಿದ್ದರೆ ನಾನು “ಹದಿನಾಲ್ಕು”, ಸಿಟ್ಟಿದ್ದರೆ “ರೀ”. ಪತ್ರಿಕೆ ನಿಂತು ಒಂಬತ್ತು ವರ್ಷವಾಯಿತು.

ಮಧ್ಯಾಹ್ನ 2.00

ತಪ್ಪು ಹೇಗಾಯಿತು? ಹಚ್ಚೆಯವನು ದೈತ್ಯ, ಕುತ್ತಿಗೆಯ ಮೇಲೆ ಹಲ್ಲಿ ಬರೆಸಿಕೊಂಡಿದ್ದಾನೆ, ಮಾತು ಮಾತ್ರ ಹತ್ತಿ. ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ. “ಬೇಜಾರಾಗ್ಬೇಡಿ ಸಾರ್. ಮೈಮೇಲೆ ಏನು ಬರಬೇಕು ಅಂತ ಮೈಯೋರೇ ಹೇಳ್ಬೇಕು. ಮೂರು ಸಲ ಕೇಳ್ತೀನಿ. ಪಕ್ಕದಲ್ಲಿ ಹೇಳಿಕೊಡೋರು ಇರಬಾರದು.” ಸರಿಯಾದ ನಿಯಮ. ನಂಬರ್ ಬರೆದ ಚೀಟಿ ನನ್ನ ಜೇಬಿನಲ್ಲೇ ಉಳಿಯಿತು.

ಮುಗಿದ ಮೇಲೆ ಒಳಗೆ ಕರೆದು ತೋರಿಸಿದ. ಕನ್ನಡಕ ಮನೆಯಲ್ಲಿತ್ತು. ಮೊದಲ ಮೂರು ಅಂಕಿ ಕಂಡವು — 462. ಉಳಿದ ಮೂರನ್ನು ಕಣ್ಣು ತಾನೇ ತುಂಬಿಕೊಂಡಿತು. ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದ ಮೊದಲ ಪಾಠ ಇದು: ಒಬ್ಬ ಜೋರಾಗಿ ಓದಬೇಕು, ಇನ್ನೊಬ್ಬ ಅಕ್ಷರ ನೋಡಬೇಕು, ಒಬ್ಬನೇ ಎರಡೂ ಮಾಡಿದರೆ ಇರುವುದನ್ನಲ್ಲ, ಇರಬೇಕಾದ್ದನ್ನು ಓದುತ್ತಾನೆ. ಮೂವತ್ತೊಂದು ವರ್ಷದ ಸರ್ವಿಸ್. ಆರು ಅಂಕಿ ನೋಡಲಾಗಲಿಲ್ಲ.

ಮಾರ್ಚ್ 5

ಹೇಳಲಿಲ್ಲ. ಹೇಳಬೇಕೆಂದೇ ಕೈ ಹಿಡಿದು ನಲ್ಲಿಯ ಹತ್ತಿರ ಕರೆದೊಯ್ದೆ. ಅಷ್ಟರಲ್ಲಿ ಇವಳೇ ಶುರು ಮಾಡಿದಳು. “ಅವನು ಮೂರು ಸಲ ಕೇಳ್ದ ಗೊತ್ತಾ ಹದಿನಾಲ್ಕು? ಮೂರು ಸಲಾನೂ ತಡವರಿಸ್ಲಿಲ್ಲ ನಾನು. ಮೂರು ಸಲಾನೂ ಒಂದೇ ಹೇಳ್ದೆ. ಮಗಳಿಗೆ ಹೇಳಿ.”

ಮಗಳಿಗೆ ಹೇಳಿದೆ, ಅಷ್ಟನ್ನು ಮಾತ್ರ.

ಹಚ್ಚೆಯವನಿಗೆ ಫೋನ್ ಮಾಡಿದೆ. ಅವನು: “ಅಳಿಸೋದು ಆ ವಯಸ್ಸಿನ ಚರ್ಮಕ್ಕೆ ಬೇಡ ಸಾರ್. ಮೇಲೆ ಗೀಟು ಹಾಕಿ ಕೆಳಗೆ ಸರಿಯಾದ್ದು ಬರೀಬಹುದು. ಇಲ್ಲಾಂದ್ರೆ ಬಲಗೈಗೆ ಬರೆಯೋಣ, ನಾಳೆಯೇ ಬನ್ನಿ. ಆದರೆ ಅಮ್ಮ ಮತ್ತೆ ಅವರಾಗೇ ಹೇಳ್ಬೇಕು. ನಿಮ್ಮದಲ್ಲ, ಅವರದು.”

ಗೀಟು ಹಾಕಿ ಬದಿಯಲ್ಲಿ ಸರಿಯಾದ್ದು ಬರೆಯುವುದು — ಬದುಕಿಡೀ ಮಾಡಿದ್ದು ಅದನ್ನೇ. ಕಾಗದದ ಮೇಲೆ.

ನೋಡೋಣ ಎಂದೆ.

ಮಾರ್ಚ್ 6. ಬೆಳಿಗ್ಗೆ 10

462200ಕ್ಕೆ ಡಯಲ್ ಮಾಡಿದೆ. ಸತ್ತ ಲೈನ್ ಎಂದುಕೊಂಡಿದ್ದೆ. ರಿಂಗ್ ಆಯಿತು.

“ಹಲೋ, ಹಾಸಿಗೆ ಬೇಕಾ ದಿಂಬು ಬೇಕಾ?”

ಪತ್ರಿಕೆಯ ಕಟ್ಟಡದಲ್ಲಿ ಈಗ ಹಾಸಿಗೆ ಅಂಗಡಿ. ಲೈನು ಕಟ್ಟಡದ ಜೊತೆಗೇ ಬಂತಂತೆ. ನಾನು ಅಲ್ಲಿ ಕೆಲಸ ಮಾಡಿದ್ದೆ ಎಂದೆ. “ಹೌದಾ ಸಾರ್? ಇವತ್ತಿಗೂ ಯಾರಾದ್ರೂ ಫೋನ್ ಮಾಡ್ತಾರೆ, ನಮ್ಮ ತಂದೆ ಶ್ರದ್ಧಾಂಜಲಿ ಫೋಟೋ ಎಷ್ಟನೇ ಪುಟದಲ್ಲಿ ಬರತ್ತೆ ಅಂತ. ನಮ್ದೂ ಮಲಗೋರ ವ್ಯಾಪಾರಾನೇ, ಆದ್ರೆ ನಮ್ಮೋರು ಬೆಳಿಗ್ಗೆ ಏಳ್ತಾರೆ ಅಂತೀನಿ.”

ನಗು ಬಂತು. ವಿಷಯ ಫೋನಿನಲ್ಲಿ ಹೇಳುವಂಥದ್ದಲ್ಲ. ನೇರವಾಗಿ ಹೋಗುವುದೇ ಸರಿ.

ಮಾರ್ಚ್ 8, ಶನಿವಾರ

ತುರಿಕೆ ಆರಂಭ. ಚೀಟಿಯ ಪ್ರಕಾರ ಇದು ಒಳ್ಳೆಯ ಲಕ್ಷಣ. ಕೆರೆಯಬಾರದು, ಮೆಲ್ಲಗೆ ತಟ್ಟಬೇಕು. ಕೆರೆಯಬೇಡ ಎಂದದ್ದು ಇವಳಿಗೆ ಐದು ನಿಮಿಷ ನೆನಪಿರುತ್ತದೆ. ಹಳೆಯ ಹತ್ತಿ ಅಂಗಿಯ ತೋಳು ಕತ್ತರಿಸಿ ಕೈಗೆ ತೊಡಿಸಿದೆ. ತಟ್ಟುವ ಕೆಲಸ ನನ್ನದು. ಟಿವಿ ನೋಡುತ್ತ ಇವಳು, ತಟ್ಟುತ್ತ ನಾನು.

ಬೆಳಿಗ್ಗೆ ಅಂಗಡಿಗೆ ಹೋಗಿದ್ದೆ. ಪ್ರೂಫ್ ವಿಭಾಗವಿದ್ದಲ್ಲಿ ಡಬಲ್ ಬೆಡ್ಡುಗಳು. ಸ್ವಿಚ್‌ಬೋರ್ಡ್ ಇದ್ದ ಗಾಜಿನ ಗೂಡು ಹಾಗೇ ಇದೆ, ಒಳಗೆ ದಿಂಬಿನ ರಾಶಿ. ಹಾಸಿಗೆಯವರು ಕುಳ್ಳಗೆ, ಚುರುಕು. ನಾನು ಹೇಳಿದ್ದನ್ನೆಲ್ಲ ಕೇಳಿ ತಲೆ ಕೆರೆದುಕೊಂಡರು.

“ಅಂದ್ರೆ ಅಮ್ಮೋರು ಎಲ್ಲೋ ತಪ್ಪಿಸ್ಕೊಂಡ್ರೆ, ನನಗೆ ಫೋನ್ ಬರತ್ತೆ.”

“ಬರಬಹುದು.”

“ನಾನು ನಿಮಗೆ ಮಾಡ್ಬೇಕು.”

“ಸರಿಪಡಿಸೋ ತನಕ. ಸ್ವಲ್ಪ ದಿನ ಅಷ್ಟೇ.”

“ನಮ್ಮ ಹುಡುಗೀರು ಹಾಸಿಗೆ ಅಳತೆ ಕೇಳಿಬಿಟ್ರೆ ಕಷ್ಟ. ಎಲ್ಲಿ, ಒಂದು ಚೀಟಿ ಬರೆದುಕೊಡಿ. ದಪ್ಪ ಅಕ್ಷರದಲ್ಲಿ.”

ಬರೆದುಕೊಟ್ಟೆ: ‘ವಯಸ್ಸಾದ ಹೆಂಗಸು ಸಿಕ್ಕಿದ್ದಾರೆ ಎಂದು ಯಾರಾದರೂ ಹೇಳಿದರೆ ಕೂಡಲೇ ಈ ಮೊಬೈಲಿಗೆ ತಿಳಿಸಿ.’ ಫೋನಿನ ಮೇಲಿನ ಗೋಡೆಗೆ ಅವರೇ ಅಂಟಿಸಿದರು. ಈ ಸಲ ಅವರಿಂದ ಜೋರಾಗಿ ಓದಿಸಿ, ನಾನು ನೋಡಿದೆ. ತಪ್ಪಿಲ್ಲ.

ಮೊಬೈಲನ್ನು ಸೈಲೆಂಟಿನಿಂದ ತೆಗೆದೆ.

ಮಾರ್ಚ್ 11

ಸಿಪ್ಪೆ ಏಳುತ್ತಿದೆ. ತೊಳೆದ ನೀರಿನಲ್ಲಿ ಕಪ್ಪು ಚೂರುಗಳು. ಇವಳು ಗಾಬರಿಯಾದಳು. “ಅಯ್ಯೋ, ನಂಬರ್ ಬಿದ್ದುಹೋಗ್ತಿದೆ ನೋಡಿ!” ಬೀಳುವುದು ಮೇಲಿನ ಚರ್ಮ ಮಾತ್ರ, ಅಂಕಿ ಕೆಳಗೆ ಕೂತಿರುತ್ತದೆ ಎಂದೆ. ಚೀಟಿಯಲ್ಲೂ ಹಾಗೇ ಇದೆ.

ಒಂದು ಕ್ಷಣ, ಬಿದ್ದುಹೋದರೆ ಎಷ್ಟು ಚೆನ್ನ ಅನ್ನಿಸಿತು. ಬರೆದಿಡುತ್ತೇನೆ, ಯಾಕೆಂದರೆ ಅನ್ನಿಸಿದ್ದು ನಿಜ.

ಮಾರ್ಚ್ 13

ದಿನಾ ಬೆಳಿಗ್ಗೆ ಅದೇ ಪ್ರಶ್ನೆ. ತೋಳು ಸರಿಸಿ ನೋಡುತ್ತಾಳೆ. “ಇದ್ಯಾರು ಗೀಚಿದ್ದು?”

ದಿನಾ ಉತ್ತರ ಕೊಡಬೇಕು. ನಿನಗೆ ಮರೆವಿನ ಕಾಯಿಲೆ. ದಾರಿ ತಪ್ಪಿದರೆ ಜನ ಫೋನ್ ಮಾಡಲಿ ಅಂತ. ಬರೆಸಬೇಕು ಅಂದವಳು ನೀನೇ. ಮೊನ್ನೆ ನಕ್ಕಳು. ನಿನ್ನೆ “ಅಷ್ಟು ಕೆಟ್ಟೋಗಿದೀನಾ ನಾನು?” ಎಂದು ಕೇಳಿ ಮಧ್ಯಾಹ್ನದವರೆಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಡಾಕ್ಟರು ಒಮ್ಮೆ ಹೇಳಿದ ಸುದ್ದಿ. ನಾನು ಒಂಬತ್ತು ದಿನದಲ್ಲಿ ಒಂಬತ್ತು ಸಲ ಹೇಳಿದ್ದೇನೆ. ಅವಳಿಗೆ ಒಂಬತ್ತೂ ಮೊದಲನೆಯದೇ.

ಮಾರ್ಚ್ 14

ಇವತ್ತು ಸುಳ್ಳು ಹೇಳಿದೆ. ಸುಳ್ಳೂ ಅಲ್ಲ.

“ಇದ್ಯಾರು ಗೀಚಿದ್ದು?”

“ನಮ್ಮ ಆಫೀಸಿನ ನಂಬರ್ ಕಣೇ.”

ಕೈ ದೂರ ಹಿಡಿದು ಓದಿದಳು. ನಾಲ್ಕು ಆರು ಎರಡು, ಎರಡು ಸೊನ್ನೆ ಸೊನ್ನೆ. ಬೆನ್ನು ನೆಟ್ಟಗಾಯಿತು. ದನಿಯೇ ಬೇರೆ. “ನಮಸ್ಕಾರ, ಯಾರು ಬೇಕು ನಿಮಗೆ?” ಆಮೇಲೆ ಬಿದ್ದು ಬಿದ್ದು ನಕ್ಕಳು. ಎರಡು ದೋಸೆ ಜಾಸ್ತಿ— ಅಲ್ಲ, ಬ್ರೆಡ್ಡು. ದೋಸೆ ಮಾಡುವುದು ಬಿಟ್ಟು ವರ್ಷವಾಯಿತು. ಎರಡು ಬ್ರೆಡ್ಡು ಜಾಸ್ತಿ ತಿಂದಳು.

ಸರಿಯಾದ ನಂಬರ್ ಇದ್ದಿದ್ದರೆ ಈ ಉತ್ತರ ಕೊಡಲಾಗುತ್ತಿರಲಿಲ್ಲ.

ಮಾರ್ಚ್ 27, ಗುರುವಾರ. ಸಂಜೆ 5.30

ಇವಳು ಸಿಕ್ಕಿದ್ದಾಳೆ. ತಿಳಿಸಿದವರು ಹಾಸಿಗೆಯವರು, 4.25ಕ್ಕೆ.

ವಿವರ. ಮಧ್ಯಾಹ್ನ ಮೂರರ ಸುಮಾರಿಗೆ ಪೇಪರ್ ಓದುತ್ತ ನಾನು ತೂಕಡಿಸಿದೆ. ಎದ್ದಾಗ 4.10. ಬಾಗಿಲು ತೆರೆದಿತ್ತು. ಎರಡು ಬೀದಿ ಓಡಿದೆ. ಮಗಳಿಗೆ ಮಾಡಲು ಮೊಬೈಲ್ ತೆಗೆದೆ, ಅದೇ ಹೊತ್ತಿಗೆ ರಿಂಗ್ ಆಯಿತು.

“ಸಾರ್, ಅಮ್ಮೋರು ಚಪ್ಪಲಿ ಅಂಗಡೀಲಿ ಇದಾರಂತೆ. ಆಸ್ಪತ್ರೆ ರಸ್ತೆ ತಿರುವಲ್ಲಿ. ಅಂಗಡಿಯೋಳು ಕೈ ನೋಡಿ ನಮಗೆ ಮಾಡಿದ್ಳು. ಕೂತ್ಕೊಂಡು ಚಪ್ಪಲಿ ಹಾಕ್ಕೊಂಡು ನೋಡ್ತಾ ಇದಾರೆ. ಗಾಬರಿಯಾಗ್ಬೇಡಿ, ನಿಧಾನ ಹೋಗಿ, ನೀವು ಬಿದ್ರೆ ನಿಮ್ಮ ಕೈಮೇಲೆ ನಂಬರಿಲ್ಲ!”

ಹೋದೆ. ಒಂಬತ್ತು ಜೊತೆ ತೆಗೆಸಿದ್ದಳು. ಬರಿಗಾಲಲ್ಲಿ ನಡೆದು ಬಂದಿದ್ದಳು. ನನ್ನನ್ನು ನೋಡಿ ಅಂಗಡಿಯವಳಿಗೆ, “ಇವರಿಗೆ ಮೊದಲು ತೋರಿಸಮ್ಮ, ಅರ್ಜೆಂಟಲ್ಲಿ ಇರೋ ಹಾಗಿದೆ” ಎಂದಳು.

ಹತ್ತನೆಯ ಜೊತೆ ಕೊಂಡೆವು.

ಬಂದ ಮೇಲೆ ಕೈ ತೊಳೆದು ಮುಲಾಮು ಹಚ್ಚಿದೆ. ಚೀಟಿಯ ಪ್ರಕಾರ ಮೂರು ವಾರದ ಮೇಲೆ ಮುಲಾಮು ಬೇಕಿಲ್ಲ. ಹಚ್ಚಿದೆ.

ಏಪ್ರಿಲ್ 5, ಶನಿವಾರ

ಮಗಳಿಗೆ ಗೊತ್ತಾಯಿತು. ಅಮ್ಮನ ಕೈ ಎಷ್ಟು ಚೆನ್ನಾಗಿ ಮಾಯ್ದಿದೆ ಎಂದು ನೋಡುತ್ತ, ತಮಾಷೆಗೆ ಆ ನಂಬರ್ ಒತ್ತಿದಳು — ಮನೆಯ ಫೋನ್ ರಿಂಗ್ ಆಗಲಿ, ಅಮ್ಮ ಎತ್ತಲಿ ಎಂದು. “ಹಾಸಿಗೆ ಬೇಕಾ ದಿಂಬು ಬೇಕಾ?”

ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು.

“ಎಷ್ಟು ದಿನದಿಂದ ಗೊತ್ತು ನಿಮಗೆ?”

“ಎರಡನೇ ದಿನದಿಂದ.” ಹಾಸಿಗೆ ಅಂಗಡಿಯ ಏರ್ಪಾಟನ್ನೂ ಹೇಳಿದೆ.

“ಅಪ್ಪ! ಊರೋರ ತಪ್ಪಿಗೆಲ್ಲ ಕೆಂಪು ಶಾಯಿ ಹಾಕ್ತೀರಿ. ನನ್ನ ಮದುವೆ ಕಾರ್ಡನ್ನ ನಾಲ್ಕು ಸಲ ವಾಪಸ್ ಕಳಿಸಿದೋರು ನೀವು!”

“ಅವಳು ಅಷ್ಟು ಖುಷಿಯಾಗಿದ್ಲು ಕಣಮ್ಮ. ನೆನಪಿಂದ ಹೇಳ್ದೆ ಅಂತ.”

“ಚಪ್ಪಲಿ ಅಂಗಡಿ ದಿನ ಗುರುವಾರ. ಹಾಸಿಗೆ ಅಂಗಡಿ ಭಾನುವಾರ ಮುಚ್ಚಿರತ್ತೆ. ರಾತ್ರಿ ಮುಚ್ಚಿರತ್ತೆ. ಅಮ್ಮ ಅಂಗಡಿ ಟೈಮ್ ನೋಡ್ಕೊಂಡು ಕಳೆದುಹೋಗ್ಬೇಕಾ?”

ಅವಳು ನಲ್ಲಿ ತಿರುಗಿಸಿ ಒಂದೇ ಲೋಟವನ್ನು ಬಹಳ ಹೊತ್ತು ತೊಳೆದಳು. ಅತ್ತಾಗ ಹಾಗೆ ಮಾಡುತ್ತಾಳೆ, ಚಿಕ್ಕಂದಿನಿಂದ.

ತೀರ್ಮಾನ: 14ರಂದು ಹಚ್ಚೆಯವನಲ್ಲಿ ಆರು ವಾರದ ತಪಾಸಣೆ ಇದ್ದೇ ಇದೆ. ಅದೇ ದಿನ ಬಲಗೈಗೆ ಸರಿಯಾದ ನಂಬರ್. ಇವಳಾಗೇ ಹೇಳಬೇಕು. ಒಂಬತ್ತು ದಿನವಿದೆ.

ಏಪ್ರಿಲ್ 7

ಪಾಠ ಶುರು. ನಾನು ಓದುವುದು, ಇವಳು ಹೇಳುವುದು. ನಾಲ್ಕು ಆರು ಎರಡು, ಒಂಬತ್ತು ಒಂದು ಏಳು.

ನಾಲ್ಕು ಆರು ಎರಡು, ಎರಡು ಸೊನ್ನೆ ಸೊನ್ನೆ.

ಇಪ್ಪತ್ತು ಸಲ. ಇಪ್ಪತ್ತು ಸಲವೂ ತಡವರಿಸಲಿಲ್ಲ.

ಏಪ್ರಿಲ್ 10

ಇವತ್ತು ಪತ್ರಿಕೆಯ ನಂಬರೂ ಪೂರ್ತಿ ಬರಲಿಲ್ಲ. ನಾಲ್ಕು, ಆರು... ಅಲ್ಲಿಗೆ ನಿಂತು ನನ್ನ ಬಾಯಿ ನೋಡಿದಳು. ಕೈಮೇಲೆ ಇದೆಯಲ್ಲ, ಓದು ಎಂದೆ. ಅಂಕಿಗಳ ಮೇಲೆ ಬೆರಳಾಡಿಸಿದಳು. “ಚೆನ್ನಾಗಿದೆ. ಯಾರು ಹಾಕಿದ್ದು ಡಿಸೈನು?”

ಮಾರ್ಚ್ 5ರಂದು ಹಚ್ಚೆಯವನು ‘ನಾಳೆಯೇ ಬನ್ನಿ’ ಎಂದಿದ್ದ. ಆ ಪುಟ ತಿರುಗಿಸಿ ನೋಡಿದೆ. ನನ್ನ ಅಕ್ಷರದಲ್ಲೇ ಇದೆ: ನೋಡೋಣ ಎಂದೆ.

ಏಪ್ರಿಲ್ 14, ಸೋಮವಾರ. ಮಧ್ಯಾಹ್ನ 1.20

ಬಲಗೈಗೆ ಬರೆಯಲಿಲ್ಲ. ಬರೆಯಲಾಗದು ಎಂದವನು ಹಚ್ಚೆಯವನು.

ಮೊದಲು ಎಡಗೈ ನೋಡಿದ. ದೀಪ ಹತ್ತಿರ ತಂದು, ಭೂತಗನ್ನಡಿ ಹಿಡಿದು. “ಒಂದು ಗೆರೆಯೂ ಕೂಡಿಲ್ಲ, ಮಾಸಿಲ್ಲ. ಈ ವಯಸ್ಸಿನ ಚರ್ಮ ಇಷ್ಟು ಶುದ್ಧವಾಗಿ ಮಾಯ್ದಿದ್ದು ನಾನು ನೋಡಿಲ್ಲ ಸಾರ್. ತಿದ್ದೋ ಹಾಗೇ ಇಲ್ಲ. ಯಾರು ನೋಡ್ಕೊಂಡಿದ್ದು?” ಮಗಳು ನನ್ನ ಕಡೆ ನೋಡಿದಳು.

ಈ ಸಲ ನಮ್ಮಿಬ್ಬರನ್ನೂ ಒಳಗೇ ಇರಲು ಬಿಟ್ಟ. ಬಾಯಿ ಬಿಡಬಾರದು, ಅಷ್ಟೇ. ಇವಳ ಮುಂದೆ ಸ್ಟೂಲ್ ಎಳೆದುಕೊಂಡು ಕೂತ. ಅಷ್ಟು ದೊಡ್ಡ ಆಳು, ಚಿಕ್ಕದಾಗಲು ನೋಡಿದ.

“ಅಮ್ಮ, ಈ ಕೈಮೇಲೆ ಏನು ಬರೀಲಿ?”

ಇವಳು ನಕ್ಕಳು.

“ನಿಮ್ಮ ಮನೆ ಫೋನ್ ನಂಬರ್ ಬೇಕು ಅಂತ ಇದಾರೆ. ಬರೀಲಾ?”

ಗೋಡೆಯ ಮೇಲಿನ ಚಿತ್ರಗಳನ್ನು ನೋಡಿದಳು. ಹುಲಿ. ಲಂಗರು. ಗುಲಾಬಿ.

ಮೂರನೆಯ ಸಲ ಕೇಳಿದ. “ಅಮ್ಮ, ನಂಬರ್ ಹೇಳ್ತೀರಾ?”

ಆಗ ಬೆನ್ನು ನೆಟ್ಟಗಾಯಿತು. ಆ ದನಿ ಬಂತು. “ಯಾರು ಬೇಕು ನಿಮಗೆ?”

ಹಚ್ಚೆಯವನು ನನ್ನನ್ನು ನೋಡಿದ. ಮಾತಾಡಬಾರದಿತ್ತು. ಮಾತಾಡಿದೆ.

“ಹದಿನಾಲ್ಕು ಕೊಡಿ.”

ಇವಳು ನನ್ನ ಕಡೆ ತಿರುಗಿದಳು. ಕಿವಿಗೊಟ್ಟಳು, ನಿಜವಾಗಿ ರಿಂಗ್ ಆಗುತ್ತಿದೆಯೇನೋ ಎಂಬಂತೆ. ಎಷ್ಟು ಹೊತ್ತೋ. ಮೂವತ್ತು ಸೆಕೆಂಡು ಇರಬೇಕು.

“ಹದಿನಾಲ್ಕು ಎತ್ತುತ್ತಾ ಇಲ್ಲ,” ಎಂದಳು. ಬಹಳ ಮರ್ಯಾದೆಯಿಂದ. “ಆಮೇಲೆ ಮಾಡಿ.”

ಹಚ್ಚೆಯವನು ಕೈಗವಸು ಕಳಚಿದ. ಮಗಳು ಹೊರಗೆ ಹೋದಳು.

ಏಪ್ರಿಲ್ 16

ಎರಡು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ.

ಇವತ್ತು ಬೆಳಿಗ್ಗೆ ಮಗಳು, ಹಲ್ಲುಜ್ಜುತ್ತ, ಬಾಯಲ್ಲಿ ನೊರೆ ಇಟ್ಟುಕೊಂಡೇ ಹೇಳಿದಳು: “ಅಪ್ಪ, ಕೈ ತಿದ್ದೋಕಾಗದಿದ್ರೆ ಫೋನ್ ತಿದ್ದೋಣ.”

ಆರು ವಾರ ನನಗೆ ಹೊಳೆದಿರಲಿಲ್ಲ. ಅಚ್ಚಾದದ್ದು ಮೂಲಪ್ರತಿಯಂತೆ ಇರಬೇಕು ಎಂದು ಕಲಿತವನು ನಾನು. ಮೂಲಪ್ರತಿಯನ್ನೇ ಬದಲಿಸಬಹುದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ನಂಬರನ್ನೇ ನಮ್ಮ ಮನೆಗೆ ಕೇಳಲು ಮೂವರೂ ಹಾಸಿಗೆಯವರ ಹತ್ತಿರ ಹೋದೆವು. ಅವರು ಗೋಡೆಯ ಚೀಟಿ ಕಿತ್ತು, ಮಡಿಸಿ ನನ್ನ ಕೈಗೇ ಕೊಟ್ಟರು. “ತಗೊಂಡ್ಹೋಗಿ ಸಾರ್ ನಂಬರ್ನ. ಈಗ ಎಲ್ರೂ ಮೊಬೈಲಿಗೇ ಮಾಡೋದು. ಅದು ನಮ್ಮದಾಗಿದ್ದೇ ಯಾವಾಗ? ಅಮ್ಮೋರದ್ದು ಅದು.” ಆಮೇಲೆ ಕೆಳದನಿಯಲ್ಲಿ ಮಗಳಿಗೆ: “ನಾನು ಭಾನುವಾರಾನೂ ಒಂದ್ಸಲ ಬಂದು ನೋಡ್ಕೊಂಡು ಹೋಗ್ತಿದ್ದೆ ಕಣಮ್ಮ. ಫೋನ್ ಏನಾದ್ರೂ ಬರತ್ತೇನೋ ಅಂತ.”

ಗಾಜಿನ ಗೂಡಿನ ಹತ್ತಿರ ಇವಳು ನಿಂತಳು. ದಿಂಬಿನ ರಾಶಿ ನೋಡಿದಳು. ಗುರುತು ಹಿಡಿಯುತ್ತಾಳೆ ಎಂದು ಕಾದೆ. ಒಂದು ದಿಂಬು ಒತ್ತಿ ನೋಡಿ, “ಗಟ್ಟಿ” ಎಂದಳು.

ಏಪ್ರಿಲ್ 17, ಗುರುವಾರ

ಟೆಲಿಫೋನ್ ಕಚೇರಿಯಲ್ಲಿ ಅರ್ಜಿ ಕೊಟ್ಟಾಯಿತು. ‘ಸಂಖ್ಯೆ ವರ್ಗಾವಣೆಗೆ ಕಾರಣ’ ಎಂಬಲ್ಲಿ ಒಂದೇ ಸಾಲು ಜಾಗ. ‘ಮನೆಯವರಿಗೆ ಈ ನಂಬರ್ ಮಾತ್ರ ನೆನಪಿದೆ’ ಎಂದು ಬರೆದೆ. ಇದು ಈಗ ನಿಜವಲ್ಲ. ಹೊಡೆದುಹಾಕಿದೆ. ‘ಕೈಮೇಲೆ ಬರೆದಿದೆ’ ಎಂದು ಬರೆದೆ. ಗುಮಾಸ್ತೆ ಓದಿ ತಲೆಯೆತ್ತಿದಳು. ಇವಳ ತೋಳು ಸರಿಸಿ ತೋರಿಸಿದೆ. ಗುಮಾಸ್ತೆ ಒಂದೊಂದೇ ಅಂಕಿ ಜೋರಾಗಿ ಓದಿದಳು, ನಾನು ಅರ್ಜಿಯಲ್ಲಿ ನೋಡಿದೆ. ತಾಳೆಯಾಯಿತು. ಮುದ್ರೆ ಒತ್ತಿದಳು.

ರಾತ್ರಿ ಊಟಕ್ಕೆ ಮುಂಚೆ ಕೈ ತೊಳೆದೆ. ಉಗುರುಬೆಚ್ಚಗಿನ ನೀರು. ಒತ್ತಿ ಒರೆಸಿದೆ. ಇನ್ನು ಅಗತ್ಯವಿಲ್ಲ ಎಂದು ಮಗಳು ನೆನಪಿಸಿದಳು. ಇವಳು ಕೈ ಎಳೆದುಕೊಳ್ಳಲಿಲ್ಲ. ಯಾರಿಗೋ ಹೇಳುವಂತೆ, “ಈ ಮನುಷ್ಯ ಒಳ್ಳೆಯೋನು” ಎಂದಳು.

ಸೋಮವಾರ, 21ರಂದು, ಬೆಳಿಗ್ಗೆ 11ರಿಂದ 1ರೊಳಗೆ ಲೈನ್‌ಮ್ಯಾನ್ ಬರುತ್ತಾನೆ. 462917 ಕಡಿತ, 462200 ಜೋಡಣೆ. ಮುಗಿದ ಮೇಲೆ ಪರೀಕ್ಷೆಗೆ ಕಚೇರಿಯಿಂದ ಒಂದು ಕರೆ ಬರುತ್ತದೆ. ಮನೆಯವರು ಯಾರಾದರೂ ಎತ್ತಬೇಕು.